ನಾಯಿಮರಿಯ ಮುತ್ತು

ನೆನೆಹಾಕಲೆಂದು ಮಗಳ ಕಾಲುಚೀಲವನ್ನು ಬಕೆಟ್ಟಿಗೆ ಹಾಕಹೊರಟ ಅಮ್ಮನ ಕೈ ಅಲ್ಲೇ ನಿಂತಿತು. ಹಿಮ್ಮಡಿಯ ಹತ್ತಿರ ರಕ್ತದ ಕಲೆ, ಇನ್ನೂ ಹಸಿ.

"ಪುಟ್ಟೀ, ಬಾ ಇಲ್ಲಿ. ಏನೇ ಇದು?"

"ಏನಿಲ್ಲಮ್ಮ. ಮರಿ ಮುತ್ತು ಕೊಡ್ತು."

ಅಮ್ಮನಿಗೆ ನಗು ಬಂದೇಬಿಟ್ಟಿತು. ಬೀದಿಯಿಂದ ಬಂದು ಮೆಟ್ಟಿಲ ಕೆಳಗೆ ಸೇರಿಕೊಂಡ ನಾಯಿಮರಿ ಆಟದಲ್ಲಿ ಹಲ್ಲು ಊರಿದಾಗಲೆಲ್ಲ, ಮಗು ಅಳದಿರಲಿ ಎಂದು ಮನೆಯವರು ಹೇಳುತ್ತಿದ್ದದ್ದೇ ಹಾಗೆ. ಆದರೆ ಕಾಲೆತ್ತಿ ನೋಡಿದರೆ ಎರಡು ಸಣ್ಣ ತೂತು. ನಗು ಹಾರಿಹೋಯಿತು.

ಅಜ್ಜಿ ಆಗಲೇ ಕಾಫಿಪುಡಿ ಡಬ್ಬಿ ಹಿಡಿದು ಬಂದರು. "ಅಂಗೈಯಗಲದ ಮರಿ, ಹಾಲುಹಲ್ಲು. ಚಿಟಿಕೆ ಪುಡಿ ಒತ್ತಿ ಬಟ್ಟೆ ಕಟ್ಟು. ಊರೆಲ್ಲ ಡಂಗುರ ಹೊಡೀಬೇಡ."

"ತಾಳಿ ಅತ್ತೆ," ಎಂದ ಅಮ್ಮ ಗೋಡೆಯಾಚೆಗೆ ಕೂಗಿದಳು. ಡ್ಯೂಟಿಗೆ ಹೊರಡುತ್ತಿದ್ದ ಪಕ್ಕದ ಮನೆಯ ನರ್ಸಕ್ಕ ತಲೆ ಬಾಚುತ್ತಲೇ ಬಂದರು.

"ಅಜ್ಜೀ, ಆ ಪುಡಿ ಕಾಫಿಗೇ ಇರಲಿ, ನಂಗೂ ಒಂದು ಲೋಟ ಆಗತ್ತೆ. ಗಾಯಕ್ಕೆ ಏನೂ ಹಚ್ಚಬೇಡಿ, ಕಟ್ಟಬೇಡಿ. ತಂಗಿ, ನಲ್ಲಿ ಬಿಡು, ಸೋಪು ತಾ."

ಸ್ವಲ್ಪ ಹೊತ್ತಿಗೇ ಸಾಕೆಂದು ಅಮ್ಮ ನಲ್ಲಿಗೆ ಕೈ ಹಾಕಿದರೆ ನರ್ಸಕ್ಕ ತಡೆದರು. "ಹದಿನೈದು ನಿಮಿಷ ತೊಳೀಬೇಕಮ್ಮ. ಎಷ್ಟೋ ರೋಗಾಣು ಇಲ್ಲೇ ಹೋಗತ್ತೆ. ಆಮೇಲೆ ಸೀದಾ ಆಸ್ಪತ್ರೆ. ಏನು ಮಾಡ್ತಿದ್ದೆ ಪುಟ್ಟೀ?"

"ತಿನ್ನುವಾಗ ಬಟ್ಟಲು ಎಳೆದೆ."

"ನಿನ್ನ ತಟ್ಟೆ ಯಾರಾದ್ರೂ ಎಳೆದ್ರೆ ನೀನು ಬಿಡ್ತೀಯಾ? ತಿನ್ನೋ ನಾಯಿ, ಮಲಗಿರೋ ನಾಯೀನ ಕೆಣಕಬಾರದು ಕಂದ."

"ಮರಿ ಗುಂಡುಕಲ್ಲಿನ ಹಾಗಿದೆ," ಅಜ್ಜಿ ಒಪ್ಪಲಿಲ್ಲ. "ಹೊಕ್ಕುಳ ಸುತ್ತ ಚುಚ್ಚಿಸಿ ಮಗೂನ ಗೋಳು ಹೊಯ್ಕೋತೀರಾ?"

"ಅದು ಯಾವ ಕಾಲದ ಮಾತು ಅಜ್ಜೀ! ಈಗ ತೋಳಿಗೆ ಹಾಕ್ತಾರೆ. ಚೆನ್ನಾಗಿ ಕಾಣೋ ಮರೀಲೂ ರೇಬೀಸ್ ಇರಬಹುದು. ಆ ರೋಗ ಕಾಣಿಸ್ಕೊಂಡ ಮೇಲೆ ಉಳಿಯೋರು ಇಲ್ಲ ಅಂತಲೇ ಹೇಳಬೇಕು. ಈಗಲೇ ಸೂಜಿ ಹಾಕಿಸಿದ್ರೆ ಮಗು ನಮಗೆ ಉಳಿಯತ್ತೆ."

ಅಜ್ಜಿ ಡಬ್ಬಿಯ ಮುಚ್ಚಳ ಹಾಕಿದರು. "ನಡೀರಿ, ನಾನೂ ಬರ್ತೀನಿ. ನನ್ನ ಮಡಿಲಲ್ಲೇ ಕೂರಲಿ."

ಆಸ್ಪತ್ರೆಯಲ್ಲಿ ತೋಳಿಗೊಂದು ಸೂಜಿ ಬಿತ್ತು. ರಕ್ತ ಬಂದಿದ್ದರಿಂದ ಗಾಯದ ಸುತ್ತ ಇನ್ನೊಂದು ಔಷಧಿಯನ್ನೂ ಸೂಜಿಯಲ್ಲೇ ಕೊಟ್ಟರು. ಉಳಿದ ಸೂಜಿಗಳಲ್ಲಿ ಒಂದನ್ನೂ ತಪ್ಪಿಸುವುದಿಲ್ಲವೆಂದು ಡಾಕ್ಟರಿಗೆ ಮಾತು ಕೊಟ್ಟವರು ಅಜ್ಜಿಯೇ. ಮರಿಯನ್ನು ಪಶುವೈದ್ಯರಿಗೆ ತೋರಿಸುವುದೆಂದೂ ಮಾತಾಯಿತು.

ಅಮ್ಮಂದಿರೇ, ಅಪ್ಪಂದಿರೇ, ಕಚ್ಚಿದ್ದನ್ನು ಕಚ್ಚಿದ್ದೆಂದೇ ಮಕ್ಕಳಿಗೆ ಹೇಳಿಕೊಡಿ. ಸಾಕಿದ ನಾಯಿಯಿರಲಿ, ಬೀದಿಯದಿರಲಿ, ಬರೀ ಪರಚಿದ್ದಿರಲಿ, ಸೋಪು ಹಚ್ಚಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ನಿನ್ನೆ ಮೊನ್ನೆ ಆದದ್ದಾದರೂ ತಡವಾಯಿತೆಂದು ಸುಮ್ಮನಿರಬೇಡಿ. ಸಾಕಿದ ನಾಯಿಗೆ ಲಸಿಕೆ ಹಾಕಿಸಿ. ಹೇಳಿದರೆ ಬೈಯುವುದಿಲ್ಲ ಎಂದು ಮಗುವಿಗೆ ಇವತ್ತೇ ಹೇಳಿ.

ಮನೆಯ ದಾರಿಯಲ್ಲಿ ಈ ಅಮ್ಮನೂ ಅದನ್ನೇ ಹೇಳಿದಳು. ಅಷ್ಟು ಹೊತ್ತೂ ಏನೋ ಹೇಳಹೋಗಿ ನುಂಗಿಕೊಳ್ಳುತ್ತಿದ್ದ ಮಗಳು ಅವಳ ಕೈ ಜಗ್ಗಿದಳು.

"ಅಮ್ಮಾ, ನಿನ್ನೆ ಎದುರುಮನೆ ಪಾಪುಗೂ ಕಚ್ತು. ಈಗ್ಲೇ ಹೋಗಿ ಹೇಳೋಣ್ವಾ?"