ಇಚಿಲಂಪಾಡಿಯ ಖಾಲಿ ಕುರ್ಚಿಗಳು

ಕಡಬದ ಹಾಲ್‌ನಲ್ಲಿ ಸಭೆ ಕರೆದದ್ದು ಗೋಡೆಯಗಲದ ಸ್ಕ್ರೀನ್ ಬಳಸುವವರಿಗಾಗಿ. ಬೆಳೆಗಾರರ ಸಂಘ ಕಡಬ, ನೆಲ್ಯಾಡಿ, ಇಚಿಲಂಪಾಡಿಯ ಹಾಲ್‌ಗಳಲ್ಲಿ ಒಂದೊಂದು ಹಾಕಿಸಿದೆ. ಅದರಲ್ಲಿ ಮೂರು ಊರಿನವರೂ ಒಂದೇ ಕೋಣೆಯಲ್ಲಿ ಎದುರುಬದುರು ಕೂತ ಹಾಗೆ ಕಾಣುತ್ತಾರೆ. ನಾನು ಕಡಬದಲ್ಲಿ ನಿಂತು ಹೊಲಿಗೆ ಕಲಿಸುತ್ತೇನೆ, ಇಚಿಲಂಪಾಡಿಯ ಹೆಂಗಸರು ತಮ್ಮ ಊರಲ್ಲೇ ಕೂತು ಬಟ್ಟೆ ಕತ್ತರಿಸುತ್ತಾರೆ.

ಸಂಘದ ಅಧ್ಯಕ್ಷ ತ್ಯಾಂಪಣ್ಣನವರಿಗೆ ಇಚಿಲಂಪಾಡಿಯ ಸ್ಕ್ರೀನ್ ಕಿತ್ತು ಆ ಹಾಲ್‌ನಲ್ಲಿ ರಬ್ಬರ್ ಶೀಟ್ ತುಂಬಿಸುವ ಆಸೆ. "ಅಲ್ಲಿ ಬಳಸುವವರು ಯಾರಾದ್ರೂ ಇದ್ದಾರಾ ಅಂತ ಸಭೆಯಲ್ಲೇ ನೋಡುವ" ಎಂದಿದ್ದರು. ಸ್ಕ್ರೀನ್ ಹೋದರೆ ನನ್ನ ಕ್ಲಾಸೂ ಹೋದ ಹಾಗೆ.

"ನೀವು ಬರ್ಬೇಡಿ, ಅಲ್ಲೇ ಕೂತು ಸ್ಕ್ರೀನಲ್ಲಿ ಕಾಣಿಸಿಕೊಳ್ಳಿ" ಎಂದು ಹೆಂಗಸರ ಹತ್ತಿರ ಬಡಿದುಕೊಂಡೆ. ಕೇಳುವವರು ಯಾರು? ಕರೆದ ಮೇಲೆ ಹೋಗದಿದ್ದರೆ ಕರೆದವರಿಗೆ ಬೇಸರವಂತೆ. ಮೇಲಿಂದ ಸಭೆಯ ಊಟಕ್ಕೆ ತುಪ್ಪದನ್ನ, ಕೋಳಿ ಸುಕ್ಕ! ಜೀಪು ತುಂಬಿಕೊಂಡು ಎಲ್ಲರೂ ಕಡಬದಲ್ಲೇ ಬಂದು ಇಳಿದರು. ನೆಲ್ಯಾಡಿಯವರೂ ಅಷ್ಟೇ.

ಸಭೆ ಶುರುವಾಗಿ ಸ್ಕ್ರೀನ್ ಆನ್ ಮಾಡಿದಾಗ ನೆಲ್ಯಾಡಿಯಲ್ಲಿ ಖಾಲಿ ಕುರ್ಚಿಗಳ ಮೇಲೆ ಫ್ಯಾನ್ ತಿರುಗುತ್ತಿತ್ತು. ಇಚಿಲಂಪಾಡಿಯಲ್ಲಿ ನನ್ನ ಕ್ಲಾಸಿನ ಎಲ್ಲರಿಗಿಂತ ಹಿರಿಯರಾದ ಕದೀಜಮ್ಮ ಮಾತ್ರ ಕೂತಿದ್ದರು. ಗಂಟು ನೋವು, ಜೀಪು ಹತ್ತಲಾಗುವುದಿಲ್ಲ.

"ಒಬ್ರು" ಎಂದರು ತ್ಯಾಂಪಣ್ಣ.

"ಉಳಿದವರು ನಿಮ್ಮ ಎದುರೇ ಇದ್ದಾರಲ್ಲ ಮಾರಾಯ್ರೆ!" ಎಂದೆ.

"ಎದುರು ಇರುವವರಿಗೆ ಸ್ಕ್ರೀನ್ ಎಂತಕ್ಕೆ ಸುಹರಾ ಟೀಚರ್?"

ನನಗೆ ಪಿತ್ತ ನೆತ್ತಿಗೇರಿತು. "ಏಳಿ ಎಲ್ಲರೂ" ಎಂದೆ. ಅನ್ನದ ಪಾತ್ರೆಯನ್ನೂ ಸುಕ್ಕದ ಪಾತ್ರೆಯನ್ನೂ ಜೀಪಿಗೆ ಹತ್ತಿಸಿದೆ. ಪಾತ್ರೆ ಹೋದಲ್ಲಿಗೆ ನೆಲ್ಯಾಡಿಯವರೂ ಕಡಬದವರೂ ಹೊರಟರು.

"ಸಭೆ ಮುಗೀಲಿಲ್ಲ!" ಎಂದು ತ್ಯಾಂಪಣ್ಣ ಕೂಗಿದರು.

"ಮುಗಿಸುದು ಬೇಡ. ನಾವು ಇಚಿಲಂಪಾಡಿಯಿಂದ ಸ್ಕ್ರೀನಲ್ಲಿ ಸೇರ್ತೇವೆ."

ಕದೀಜಮ್ಮ ನನ್ನನ್ನು ಎದುರೆದುರು ಕಂಡದ್ದು ಅದೇ ಮೊದಲು. ಕೆನ್ನೆ ಮುಟ್ಟಿ ನೋಡಿದರು. "ನೀನು ಇಷ್ಟು ಕುಳ್ಳಿಯಾ?" ಎಂದರು. ನಾನು ಬಡಿಸತೊಡಗಿದೆ.

ಕುರ್ಚಿಗಳು ಸಾಲದೆ ಕೆಲವರು ಜಗಲಿಯಲ್ಲಿ ಕೂತರು. ಸ್ಕ್ರೀನಿನಲ್ಲಿ ಕಡಬದ ಅಷ್ಟು ದೊಡ್ಡ ಹಾಲ್‌ನಲ್ಲಿ ತ್ಯಾಂಪಣ್ಣ ಒಬ್ಬರೇ ಇದ್ದರು. ಮೈಕ್ ಸರಿಮಾಡಿಕೊಂಡು "ಸಭೆ ಮುಂದುವರಿಯುತ್ತದೆ" ಎಂದರು.

"ತ್ಯಾಂಪಣ್ಣ, ನಿಮ್ಮ ಊಟ ಆಯ್ತಾ?" ಎಂದು ಕೇಳಿದರು ಕದೀಜಮ್ಮ.

"ಆಯ್ತು, ಆಯ್ತು."

"ಎಂತ ಸುಳ್ಳು ಹೇಳುದು? ಪಾತ್ರೆ ಇಲ್ಲಿ ಉಂಟು." ಅವರು ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ನಿಮ್ಮನ್ನು ಬಿಟ್ಟು ನಾವು ಉಣ್ಣುದು ಹೇಗೆ?"

ಹಿರಿಯರು ಕೈ ತೆಗೆದ ಮೇಲೆ ಬೇರೆಯವರು ಉಣ್ಣುವುದುಂಟೇ? ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು. ಇಡೀ ಹಾಲ್ ಸ್ಕ್ರೀನನ್ನೇ ನೋಡಿತು. ತ್ಯಾಂಪಣ್ಣ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಆ ಸ್ಕ್ರೀನ್ ಅಲ್ಲೇ ಇರ್ಲಿ" ಎಂದರು. "ಅನ್ನ ಆರ್ತದೆ, ನೀವು ಉಣ್ಣಿ. ನಾನು ಬೈಕಲ್ಲಿ ಬರ್ತೇನೆ."

ಕದೀಜಮ್ಮ ತಟ್ಟೆ ಹತ್ತಿರ ಎಳೆದುಕೊಂಡರು. ನಾನು ತ್ಯಾಂಪಣ್ಣನವರ ಪಾಲನ್ನು ಬೇರೆ ತೆಗೆದಿಟ್ಟೆ.