ಫ್ಯೂಸಿನ ಜಾಗದಲ್ಲಿ ಒಂದು ಪುಟ್ಟ ದೀಪ

"ಈ ಕರೆಂಟ್ ಎಲ್ಲಿಗ್ ಹೋಯ್ತ್, ದೇವ್ರೇ?"

ಶೀನ ದೇವಾಡಿಗರು ಹೀಗೆ ಕೇಳಿದಾಗ ಅಂಗಡಿಯಲ್ಲಿ ಮನುಷ್ಯರು ಯಾರೂ ಇರಲಿಲ್ಲ. ಎದುರಿಗೆ ಒಂದು ಬೈಕು ತಲೆ ಓರೆ ಮಾಡಿಕೊಂಡು ನಿಂತಿತ್ತು. ಬ್ಯಾಟರಿ ಹೊಸದು, ಫ್ಯೂಸು ಸರಿಯಿದೆ, ಆದರೂ ಚಾವಿ ತಿರುಗಿಸಿದರೆ ಸದ್ದಿಲ್ಲ. ದೇವರು ಉತ್ತರ ಕೊಡಲಿಲ್ಲ. ಹಾಗಾಗಿ ಶೀನಣ್ಣ ನನ್ನನ್ನು ಮಾಡಿದರು.

ನಾನು ಒಂದು ಟೆಸ್ಟ್ ಲ್ಯಾಂಪು. ಯಾವುದೋ ಬಿದ್ದ ಬೈಕಿನ ಇಂಡಿಕೇಟರಿನಲ್ಲಿ ಒಡೆಯದೆ ಉಳಿದಿದ್ದ ಬಲ್ಬು ನನ್ನ ತಲೆ. ಬರೆದು ಖಾಲಿಯಾದ ಪೆನ್ನಿನ ಕೊಳವೆ ನನ್ನ ಮೈ. ಗೋಣಿ ಹೊಲಿಯುವ ದಬ್ಬಳದ ತುದಿ ನನ್ನ ಮೂಗು. ಬೆನ್ನಿನಿಂದ ಹೊರಟ ಉದ್ದನೆಯ ವೈರಿನ ತುದಿಗೆ ಹಲ್ಲಿನ ಕ್ಲಿಪ್ಪು. ಕ್ಲಿಪ್ಪನ್ನು ಬೈಕಿನ ಕಬ್ಬಿಣಕ್ಕೆ ಕಚ್ಚಿಸಿ ಮೂಗನ್ನು ವೈರಿಗೆ ಚುಚ್ಚಿದರೆ, ಕರೆಂಟು ಅಲ್ಲಿಯವರೆಗೆ ಬಂದಿದ್ದರೆ ಉರಿಯುತ್ತೇನೆ. ಬಂದಿರದಿದ್ದರೆ ಇಲ್ಲ. ನನ್ನ ಭಾಷೆಯಲ್ಲಿ ಇರುವುದು ಈ ಎರಡೇ ಮಾತು.

ನಮ್ಮದು ಕುಂದಾಪುರದ ಕಡೆಯ ಒಂದು ಮೀನುಗಾರಿಕೆ ಬಂದರು. ಇಲ್ಲಿಯ ಬೈಕುಗಳಿಗೆಲ್ಲ ಉಪ್ಪಿನ ಕಾಯಿಲೆ. ಹಿಂದೆ ಕಟ್ಟಿದ ಮೀನಿನ ಪೆಟ್ಟಿಗೆಯಿಂದ ಸೋರುವ ನೀರು ವೈರಿನೊಳಗೆ ಇಳಿದು ತಾಮ್ರವನ್ನು ತಿಂದು ಹಸಿರು ಪುಡಿ ಮಾಡುತ್ತದೆ. ಮೇಲಿನ ಸಿಪ್ಪೆ ಮಾತ್ರ ಏನೂ ಆಗದ ಹಾಗೆ ಹೊಳೆಯುತ್ತಿರುತ್ತದೆ. ಕಣ್ಣಿಗೆ ಕಾಣದ ಆ ಕೊಳೆತವನ್ನು ಹುಡುಕಲು ಶೀನಣ್ಣ ನನ್ನನ್ನು ಹಿಡಿದು ವೈರಿನುದ್ದಕ್ಕೂ ನಡೆಯುತ್ತಿದ್ದರು. ಇಲ್ಲಿ ಉರಿದೆ, ಇಲ್ಲೂ ಉರಿದೆ, ಇಲ್ಲಿ ಉರಿಯಲಿಲ್ಲ. ಸರಿ, ರೋಗ ಈ ನಡುವೆ ಇದೆ. ಅವರು ಸಿಪ್ಪೆ ಬಿಡಿಸಿದರೆ ಹಸಿರು ಪುಡಿ ಉದುರುತ್ತಿತ್ತು.

ಶೀನಣ್ಣನದು ಹಾಡಿನ ಮನೆತನ. ಸಂಜೆ ಶಟರು ಅರ್ಧ ಎಳೆದು, ಕೈ ತೊಳೆದು, ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಪುರಾಣದ ಪದ್ಯ ಓದುತ್ತಿದ್ದರು. ಪಟದ ಪಕ್ಕದ ಮೊಳೆಯಲ್ಲಿ ತೂಗಿಕೊಂಡು ನಾನು ಕೇಳುತ್ತಿದ್ದೆ. ಅರ್ಥ ಎಲ್ಲ ಆಗುತ್ತಿತ್ತು ಎಂದು ಹೇಳಲಾರೆ. ಆದರೆ ಒಂದು ಸಾಲು ಮುಗಿದು ಇನ್ನೊಂದು ಸಾಲು ಅದರ ಕೈ ಹಿಡಿಯುವ ರೀತಿ ನನಗೆ ಹಿತವಾಗಿತ್ತು. ಕರೆಂಟೂ ಹಾಗೆಯೇ ಅಲ್ಲವೇ ನಡೆಯುವುದು?

ಬೈಕಿನ ವೈರುಗಳಿಗೂ ಅವರು ಒಂದು ಪದ್ಯ ಕಟ್ಟಿಕೊಂಡಿದ್ದರು. ಕೆಲಸ ಮಾಡುವಾಗ ರಾಗವಾಗಿ ಹೇಳುತ್ತಿದ್ದರು:

ಕೆಂಪು ಹೊರಟಿತು ಬ್ಯಾಟರಿಯಿಂದ ಫ್ಯೂಸಿನಾ ಮನೆಗೆ,
ಕಪ್ಪು ನಡೆಯಿತು ಚಾವಿ ತಿರುಗಲು ಎಂಜಿನಿನ ಬಳಿಗೆ,
ಕಂದು ಹಿಡಿಯಿತು ಹಿಂದಿನಾ ಹಾದಿ ದೀಪದ ಗುಡಿಗೆ,
ಹಸಿರು ಎಲ್ಲವು ಸೇರಿತೊಂದಾಗಿ ನೆಲದ ಮಡಿಲಿಗೆ.

ಪದ್ಯ ಬಾಯಿಗೆ ಬಂದರೆ ಕೈ ತಾನಾಗಿ ಓಡುತ್ತಿತ್ತು. ಮಗಳು ವಾರಿಜ ಈ ಪದ್ಯ ಕೇಳುತ್ತಲೇ ಬೆಳೆದು, ಕೊನೆಗೆ ಅಂಗಡಿಯಲ್ಲೇ ನಿಂತಳು. ಎಂಜಿನು, ಚೈನು, ಬ್ರೇಕು ಅವಳಿಗೆ, ವೈರು ಅಪ್ಪನಿಗೆ.

"ಅಪ್ಪಯ್ಯ, ಪದ್ಯ ಹೇಳುಕ್ ಮುಂಚೆ ಒಂದ್ಸಲ ಚುಚ್ಚಿ ಕಾಣಿ. ಎಲ್ಲಾ ಬೈಕಿಗೂ ನಿಮ್ಮ ಪದ್ಯ ಹೊಂದುದಿಲ್ಲ" ಎಂದು ಅವಳು ಆಗಾಗ ಹೇಳುತ್ತಿದ್ದಳು.

"ಪದ್ಯ ತಪ್ಪುದಿಲ್ಲ ಹೆಣ್ಣೆ. ಹೇಳುವವ ತಪ್ಪುದ್" ಎಂದು ಶೀನಣ್ಣ ನಗುತ್ತಿದ್ದರು.

ವರ್ಷಗಳು ಹೋದವು. ನನ್ನ ಕ್ಲಿಪ್ಪಿನ ಹಲ್ಲು ಸವೆಯಿತು. ಶೀನಣ್ಣನ ಕಣ್ಣಿನಲ್ಲಿ ಹಾಲಿನ ಕೆನೆಯಂಥದು ಕಟ್ಟತೊಡಗಿತು. ಮೊದಲು ತಿಳಿದದ್ದು ನನಗೇ. ಚುಚ್ಚಬೇಕಾದ ಕಡೆ ಚುಚ್ಚದೆ ನನ್ನ ಮೂಗು ಪಕ್ಕದ ಕಬ್ಬಿಣಕ್ಕೆ ಬಡಿಯುತ್ತಿತ್ತು. ಬಿಸಿಲಿನಲ್ಲಿ ನನ್ನ ಬೆಳಕು ಕಾಣಲೆಂದು ಹಿಂದೆಲ್ಲ ಅಂಗೈ ಮರೆ ಮಾಡುತ್ತಿದ್ದರು; ಈಗ ಅದನ್ನೂ ಬಿಟ್ಟರು. ಮರೆ ಮಾಡಿದರೂ ಕಾಣುತ್ತಿರಲಿಲ್ಲವೇನೋ.

"ಕಣ್ಣಿನ ಡಾಕ್ಟ್ರ ಹತ್ರ ಹೋಪ" ಎಂದು ವಾರಿಜ ಕರೆದರೆ "ಮಳೆಗಾಲ ಕಳೀಲಿ" ಎನ್ನುತ್ತಿದ್ದರು. ಮಳೆಗಾಲ ಕಳೆದರೆ "ಮೀನಿನ ಸೀಸನ್ ಮುಗೀಲಿ."

ಅವರ ಕೈಯಲ್ಲಿ ನನಗೆ ಆಗ ಹುಟ್ಟಿದ ದಿಗಿಲು ಇವತ್ತಿಗೂ ಹೋಗಿಲ್ಲ. ಉರಿದರೂ ಉರಿಯದಿದ್ದರೂ ಒಂದೇ ಎನ್ನುವವರ ಕೈಯಲ್ಲಿ ದೀಪವಾಗಿರುವುದು ಹೇಗೆ? ಆ ಬೈಕಿನ ಮೇಲೆ ನಾಳೆ ಒಬ್ಬ ಮನುಷ್ಯ ಕೂರುತ್ತಾನಲ್ಲ!

ಒಂದು ಮಧ್ಯಾಹ್ನ ಮಾಧವ ಖಾರ್ವಿ ಬಂದ. ಬಂದರಿನಿಂದ ಮೀನು ತುಂಬಿಕೊಂಡು ಒಳನಾಡಿನ ಊರುಗಳಿಗೆ ಮಾರಲು ಹೋಗುವವನು. ಅವನ ಬೈಕು ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಫ್ಯೂಸು ಸುಡುತ್ತಿತ್ತು. ವಾರಿಜ ಬಿಡಿಭಾಗ ತರಲು ಪೇಟೆಗೆ ಹೋಗಿದ್ದಳು.

"ಬೇಗ ಮಾಡಿ ಶೀನಣ್ಣ, ಬೋಟ್ ಬಪ್ಪ ಹೊತ್ತಾಯ್ತ್. ಮೀನ್ ನಿಮ್ಮ ಪದ್ಯ ಕೇಂತಾ ಕೂಕಂಬುದಿಲ್ಲ."

ಹ್ಯಾಂಡಲಿನ ಕುತ್ತಿಗೆಯ ಹತ್ತಿರ ವೈರುಗಳು ಉಜ್ಜಿ ಉಜ್ಜಿ ತುಂಡಾಗಿದ್ದವು. ಶೀನಣ್ಣ ಅದನ್ನು ಬೆರಳಲ್ಲೇ ಪತ್ತೆ ಮಾಡಿದರು. ಆಮೇಲೆ ಪದ್ಯ ಶುರುವಾಯಿತು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಬಣ್ಣ ಗುರುತು ಹಿಡಿಯಲು ಒಂದೊಂದು ತುದಿಯನ್ನೂ ತಮ್ಮ ಕಣ್ಣಿನ ಹತ್ತಿರ ತಂದು ನೋಡುತ್ತಿದ್ದರು. ಕೊನೆಗೆ ಹಸಿರುಗಳನ್ನೆಲ್ಲ ಒಟ್ಟು ಸೇರಿಸಿ ಹೊಸೆದು, ನೆಲದ ಮಡಿಲಿಗೆ ಎಂದು ಹಾಡುತ್ತ ಬೈಕಿನ ಕಬ್ಬಿಣಕ್ಕೆ ಕಟ್ಟಿದರು.

ಅದರಲ್ಲಿ ಒಂದು ಹಸಿರು ಬೇರೆಯದು. ಎಂದೋ ಯಾರೋ ಹಿಂಬದಿ ದೀಪದ ಕಂದು ವೈರು ಕೊಳೆತಾಗ, ಕೈಗೆ ಸಿಕ್ಕಿದ ಹಸಿರು ವೈರು ಹಾಕಿದ್ದರು. ಕೊಂಚ ದಪ್ಪ, ಕೊಂಚ ಹೊಳಪು. ಕಣ್ಣಿದ್ದವರಿಗೆ ಕಾಣುವಂಥದು. ದೀಪಕ್ಕೆ ಹೋಗಬೇಕಾದ ಕರೆಂಟು ಈಗ ನೇರ ಕಬ್ಬಿಣಕ್ಕೆ ಹೋಗುವ ಹಾಗಾಯಿತು.

ಆದರೂ ಅವರು ಪರೀಕ್ಷೆ ಬಿಡಲಿಲ್ಲ. ಬೈಕಿನ ಬಲ್ಬುಗಳನ್ನೆಲ್ಲ ಬಿಚ್ಚಿಟ್ಟು, ಫ್ಯೂಸು ತೆಗೆದು, ಆ ಜಾಗದಲ್ಲಿ ನನ್ನನ್ನು ಸೇರಿಸಿ ಲೈಟಿನ ಸ್ವಿಚ್ ಹಾಕಿದರು. ಬಲ್ಬುಗಳಿಲ್ಲದೆ ಕರೆಂಟಿಗೆ ದಾರಿಯಿಲ್ಲ, ಹಾಗಾಗಿ ಹೀಗೆ ಕೂರಿಸಿದಾಗ ನಾನು ಉರಿಯಬಾರದು. ಉರಿದರೆ ಕರೆಂಟು ಎಲ್ಲೋ ತಪ್ಪು ದಾರಿಯಲ್ಲಿ ಕಬ್ಬಿಣಕ್ಕೆ ಇಳಿಯುತ್ತಿದೆ ಎಂದರ್ಥ.

ನಾನು ಉರಿದೆ. ಮೈಯಲ್ಲಿದ್ದಷ್ಟೂ ಉರಿದೆ. ಅಂಗಳದ ಬಿಸಿಲು ನನ್ನ ಮೇಲೆ ಬಿದ್ದಿತ್ತು. ಶೀನಣ್ಣ ಬಗ್ಗಿ ನನ್ನನ್ನೇ ನೋಡಿದರು. ಅಂಗೈ ಮರೆ ಮಾಡಿ ಶೀನಣ್ಣ, ಒಂದು ಸಲ ಮರೆ ಮಾಡಿ!

"ಉರೀತಿಲ್ಲ. ಸರಿ ಆಯ್ತ್" ಎಂದರು.

ಬಲ್ಬು ಹಾಕಿದರು, ಸ್ವಿಚ್ ಆರಿಸಿದರು, ಹೊಸ ಫ್ಯೂಸು ಕೂರಿಸಿದರು. ಬೈಕು ಸ್ಟಾರ್ಟ್ ಆಯಿತು. "ಲೈಟ್ ಒಂದ್ ಹಾಕಿ ಕಾಂಬ" ಎನ್ನುವಷ್ಟರಲ್ಲಿ ಮಾಧವ ಗೇರು ಹಾಕಿ ಆಗಿತ್ತು. ಹಗಲಲ್ಲಿ ಯಾರಿಗೆ ಬೇಕು ಲೈಟು?

ಆ ಸಂಜೆ ಅವರು ಬಾಯಿಪಾಠವಾಗಿ ಹೇಳಿದ ಪದ್ಯ ನನ್ನ ಕಿವಿಗೆ ಹೋಗಲಿಲ್ಲ. ಬೆಳಕು ಕಡಿಮೆಯಾಗುತ್ತಾ ಬಂದ ಹಾಗೆ ಒಂದೇ ಯೋಚನೆ: ಈಗ ಅವನು ಎಲ್ಲಿರಬಹುದು? ಈಗ ಸ್ವಿಚ್ ಹಾಕಿರಬಹುದೇ?

ಮರುದಿನ ಬೈಕು ಗೂಡ್ಸ್ ಆಟೋದಲ್ಲಿ ಮಲಗಿಕೊಂಡು ಬಂತು. ಜೊತೆಗೆ ಮಾಧವ, ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಎಡಗೈ.

"ನಿಮ್ಮ ರಿಪೇರಿ ಸೇತುವೆ ತನಕ ಬಂತ್ ಶೀನಣ್ಣ. ಅಲ್ಲಿಂದ ಮುಂದೆ ನಾನೇ ಹಾರ್ದೆ" ಎಂದ. ನಗಲು ನೋಡಿ ಮುಖ ಕಿವುಚಿಕೊಂಡ. ಲೈಟು ಹಾಕಿದ ಕೂಡಲೇ ಫ್ಯೂಸು ಸುಟ್ಟು ಬೈಕು ಸೇತುವೆಯ ಮಧ್ಯೆ ಸತ್ತಿತ್ತು. ಹಿಂದಿನಿಂದ ಬಂದ ಲಾರಿಗೆ ಕತ್ತಲಲ್ಲಿ ಇವನು ಕಂಡಿರಲಿಲ್ಲ. "ಬಂಗುಡೆ ಎಲ್ಲಾ ಲಾರಿ ಚಕ್ರಕ್ಕೇ ಮಾರ್ದೆ. ನಾ ಉಳ್ದದ್ದ್ ಅಮ್ಮನ ಪುಣ್ಯ."

ವಾರಿಜ ಬೈಕಿನ ಪಕ್ಕ ಕೂತಳು. ಹ್ಯಾಂಡಲಿನ ಕುತ್ತಿಗೆಗೆ ಸುತ್ತಿದ್ದ ಟೇಪು ಬಿಚ್ಚಿದಳು. ಅಪ್ಪ ಹೊಸೆದ ಹಸಿರುಗಳನ್ನು ನೋಡಿದಳು. ಬಲ್ಬು ಬಿಚ್ಚಿ, ನನ್ನನ್ನು ಫ್ಯೂಸಿನ ಜಾಗದಲ್ಲಿ ಕೂರಿಸಿ, ಸ್ವಿಚ್ ಹಾಕಿದಳು. ನಾನು ನಿನ್ನೆಯ ಹಾಗೆಯೇ ಉರಿದೆ.

"ಅಪ್ಪಯ್ಯ, ಇಲ್ಲಿ ಬನ್ನಿ. ಈಗ ದೀಪ ಉರೀತಿತ್ತಾ ಇಲ್ಯಾ, ಹೇಳಿ."

ಶೀನಣ್ಣ ಬಂದು ಬಗ್ಗಿದರು. ಹತ್ತಿರ, ಇನ್ನೂ ಹತ್ತಿರ. ಅವರ ಉಸಿರು ನನ್ನ ಗಾಜಿಗೆ ತಾಗುತ್ತಿತ್ತು. ಮಾಧವ ಬಾಯಿ ತೆರೆಯಹೋದ; ವಾರಿಜ ಕೈ ಎತ್ತಿ ತಡೆದಳು.

"ಇಲ್ಲ" ಎಂದರು ಶೀನಣ್ಣ.

ವಾರಿಜ ಸ್ವಿಚ್ ಆರಿಸದೆ ಕಾದಳು. ಅವರಿಗೇ ಏನೋ ಅನುಮಾನ ಬಂದಿರಬೇಕು. ಕೈ ಚಾಚಿ ನನ್ನ ಬಲ್ಬನ್ನು ಬೆರಳುಗಳಿಂದ ಹಿಡಿದರು. ಚಟ್ಟನೆ ಹಿಂತೆಗೆದುಕೊಂಡರು. ಸುಟ್ಟ ಬೆರಳನ್ನು ಬಾಯಿಗೆ ಇಡಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ಅದನ್ನೇ ಎದುರಿಗೆ ಹಿಡಿದು ನಿಂತರು.

ವಾರಿಜ ನನ್ನನ್ನು ಬಿಡಿಸಿ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಳು. ನನಗೂ ವಯಸ್ಸಾಗಿದೆ. ಗಾಜಿನೊಳಗೆ ಕಪ್ಪು ಹಿಡಿದಿದೆ, ಯಾವ ದಿನ ತಂತಿ ಕಡಿದೀತೋ ಗೊತ್ತಿಲ್ಲ. ನಾನು ಮಾಡಿದ್ದು ದೊಡ್ಡ ಕೆಲಸವೇನಲ್ಲ. ಇದ್ದದ್ದನ್ನು ಇದೆ ಎಂದೆ, ಇಲ್ಲದ್ದನ್ನು ಇಲ್ಲ ಎಂದೆ. ಆದರೆ ಹೇಳುವುದು ಅರ್ಧ ಕೆಲಸ. ಉಳಿದರ್ಧ ಕಾಣುವವರದು. ಮೊಳೆಯಲ್ಲಿ ತೂಗಿಕೊಂಡು ಅಷ್ಟು ಪದ್ಯ ಕೇಳಿದ ಮೇಲೂ, ಕಾಣದವರಿಗೆ ಹೇಗೆ ಹೇಳಬೇಕು ಎನ್ನುವುದು ನನಗೆ ಹೊಳೆಯಲಿಲ್ಲ.

ಆಗ ಶೀನಣ್ಣ ಮಗಳ ಕಡೆ ತಿರುಗಿದರು. ಮುಖದಲ್ಲಿ ಸಣ್ಣ ಆಸೆಯೊಂದು ಮೂಡಿತ್ತು.

"ಬೆರಳಿಗ್ ಗೊತ್ತಾತ್ತಲೆ ಮಗಾ. ಬಿಸಿ ಇದ್ರೆ ಕರೆಂಟ್ ಇತ್ತ್, ತಣ್ಣಗಿದ್ರೆ ಇಲ್ಲ. ಇನ್ನ್ ಮೇಲೆ ಮುಟ್ಟಿಯೇ ಕಾಂತೆ. ಮಾಧವನ ಬೈಕ್ ನಾನೇ ಸರಿ ಮಾಡ್ತೆ." ಅಂಗೈ ಬಿಡಿಸಿ ಮುಂದೆ ಹಿಡಿದರು. "ಕೊಡ್, ದೀಪ ಇತ್ಲಾಗ್ ಕೊಡ್."

ವಾರಿಜಳ ಮುಷ್ಟಿ ನನ್ನ ಸುತ್ತ ಬಿಗಿಯಾಯಿತು.

"ಇಲ್ಲ ಅಪ್ಪಯ್ಯ, ಕೊಡೂದಿಲ್ಲ."