ಬಿಳಿ ಮಣಿಯ ಗುರಿ

ಮಗಳು ಸಮೃದ್ಧಿಗೆ ಒಂದು ಜಡೆ ಹೆಣೆದು ಮುಗಿಸಿದ್ದ ಕಾಂತಾ ಇನ್ನೊಂದಕ್ಕೆ ಕೂದಲು ಎಳೆ ಮಾಡಿ ಹಿಡಿದಿದ್ದಳು. ಅಷ್ಟರಲ್ಲಿ ಗಂಡ ಓಂಕಾರ ಹಿತ್ತಲ ಬಾಗಿಲಿಗೆ ಬಂದು, ಪೊಲೀಸಿನವನು ಬಂದಿದ್ದಾನೆ, ಕಪಾಟಿನ ಕೀಲಿ ಎಲ್ಲಿ ಎಂದು ಕೇಳಿದ. ಮಗಳ ಹೆಗಲು ಸೆಟೆದುಕೊಂಡದ್ದು ಕಾಂತಾಳ ಬೆರಳಿಗೆ ತಿಳಿಯಿತು.

"ಏನಿಲ್ಲ ನನ್ನ ಕಂದ," ಎಂದು ನೆತ್ತಿ ಸವರಿದಳು. ನಿನ್ನೆ ಬೆಳಗಿನಿಂದ ಸಮೃದ್ಧಿ ಮಾತಾಡಿರಲಿಲ್ಲ.

ಅನಗೋಳದ ಆ ಮನೆಯ ಪಡಸಾಲೆಯಲ್ಲಿ ಕಾಂತಾಳ ಮಾವ ತಮ್ಮಣ್ಣನವರನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಲಿಂಗ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಖಾನಾಪುರದಾಚೆ, ಕಾಡಿಗೆ ಹತ್ತಿದ ತಮ್ಮ ಭತ್ತದ ಗದ್ದೆಯ ಅಟ್ಟದ ಮೇಲೆ, ನಿನ್ನೆ ನಸುಕಿನಲ್ಲಿ ಕಾಡುಹಂದಿ ಕಾಯುತ್ತ ಕೂತಲ್ಲೇ ಅವರ ಎದೆಬಡಿತ ನಿಂತಿತ್ತು. ಆಗ ಪಕ್ಕದಲ್ಲಿದ್ದವಳು ಮೊಮ್ಮಗಳು ಸಮೃದ್ಧಿಯೊಬ್ಬಳೇ.

ಬಂದ ಪೇದೆ ಸೋಮಲಿಂಗ ಅದೇ ಓಣಿಯವನು. ಬೂಟು ಬಿಚ್ಚಿ ಹೆಣಕ್ಕೆ ಕೈಮುಗಿದು, ಒಳಗೆ ಬಂದು ದನಿ ತಗ್ಗಿಸಿ ಹೇಳಿದ. ಲೈಸನ್ಸಿನ ಯಜಮಾನ ಹೋದ ಮೇಲೆ ಬಂದೂಕು ಮನೆಯಲ್ಲಿ ಇರುವಂತಿಲ್ಲ. ಠಾಣೆಯಲ್ಲಿರಲಿ, ಮುಂದೆ ಬೇಕಾದರೆ ಓಂಕಾರ ತನ್ನ ಹೆಸರಿಗೆ ಅರ್ಜಿ ಹಾಕಿಕೊಳ್ಳಲಿ. ಹಾಗೆಂದು ಕಪಾಟಿನಲ್ಲಿದ್ದ ರೈಫಲ್ಲು ತೆಗೆದು ಬೋಲ್ಟು ಎಳೆದ. ಖಾಲಿ ತೋಟಾ ಟಣ್ಣೆಂದು ನೆಲಕ್ಕೆ ಬಿತ್ತು.

"ಒಂದ ಹಾರಿಸ್ಯಾರ."

"ಹಂದಿಗಿ," ಎಂದ ಓಂಕಾರ. "ನಾ ಪಂಪ್‌ಸೆಟ್ ಕಡೆ ಇದ್ನಿ. ಸಪ್ಪಳ ಆತು, ಓಡಿ ಬರೂದ್ರಾಗ ಅಪ್ಪ ಎದಿ ಹಿಡಕೊಂಡು ಬಿದ್ದಿದ್ದ."

"ಬಿತ್ತೇನ ಹಂದಿ?"

"ಅದನ್ನ ಯಾರ ನೋಡ್ತಾರೋ ಮಾರಾಯಾ. ಗಾಡ್ಯಾಗ ಹಾಕ್ಕೊಂಡು ದವಾಖಾನಿಗೆ ಓಡಿದ್ವಿ."

ಕಾಂತಾಳ ಕಣ್ಣು ನಳಿಗೆಯ ತುದಿಗೆ ಹೋಯಿತು. ಅಲ್ಲಿ ಜೋಳದ ಕಾಳಿನಷ್ಟು ದಪ್ಪದ ಬಿಳಿ ಮಣಿ ಕೂತಿತ್ತು.

ಪಡಸಾಲೆಯಲ್ಲಿ ಹಿರಿಯರು ಹಳೆಯ ಮಾತು ತೆಗೆದಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದಾಗ ತಮ್ಮಣ್ಣ, ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ಬೋರ್ಡು ಓದಿ ಮೈಕಿನಲ್ಲಿ ಕೂಗುತ್ತಿದ್ದರಂತೆ. ಹದ್ದಿನ ಕಣ್ಣು ಎಂದು ಜನ ಹೇಳಿದ್ದನ್ನು ಅವರು ಸಾಯುವ ತನಕ ಮರೆಯಲಿಲ್ಲ.

"ಹದ್ದು ಮುದುಕ ಆಗಿತ್ತ ಬಿಡ್ರಿ," ಎಂದ ಅವರ ಜತೆಗಾರ ದುಂಡಪ್ಪ. "ಶ್ರಾವಣದಾಗ ಹಂದಿ ಬಂತು ಅಂತ ತನ್ನ ನೀರಿನ ಡ್ರಮ್ಮಿಗೇ ಹೊಡದ. ನಾ ಬಾಜೂಕ ಇದ್ನಿ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡಿದ್ದ. ಈಗ ಅವ ಏನ ಬೈಯೂದಿಲ್ಲ."

ಎಲ್ಲರೂ ಸೆರಗು, ಟವೆಲ್ಲು ಬಾಯಿಗೆ ಹಚ್ಚಿಕೊಂಡು ನಕ್ಕರು. ಗಂಡನ ಕಾಲ ಬಳಿ ಕೂತಿದ್ದ ಅತ್ತೆ ಕಾಶವ್ವನೂ ಕಣ್ಣೀರಿನಲ್ಲೇ ನಕ್ಕಳು. ಚಹಾದ ತಾಟು ಹಿಡಿದು ನಿಂತಿದ್ದ ಕಾಂತಾಳಿಗೆ ನಗು ಬರಲಿಲ್ಲ.

*

ನವರಾತ್ರಿಗೆ ಮೊದಲು ಮಾವ ಅವಳನ್ನೂ ಸಮೃದ್ಧಿಯನ್ನೂ ಪೇಟೆಯ ಬಂದೂಕಿನ ಅಂಗಡಿಗೆ ಕರೆದುಕೊಂಡು ಹೋಗಿದ್ದರು. ರೈಫಲ್ಲಿಗೆ ಓಂಕಾರ ಹಾಕಿಸಿಕೊಟ್ಟಿದ್ದ ದುರ್ಬೀನು ಇತ್ತು. ಆದರೆ ಖಾನಾಪುರದ ಮಂಜಿನಲ್ಲಿ ಅದರ ಕನ್ನಡಿ ಮಬ್ಬಾಗುತ್ತದೆ, ಕೈಕೊಟ್ಟ ಹೊತ್ತಿಗೆ ಬೇಕಾದೀತು, ಜೋಡಿಗೆ ಬರಿಗಣ್ಣಿನಿಂದ ಗುರಿ ಹಿಡಿಯುವ ಕಬ್ಬಿಣದ ಗುರಿಯೊಂದು ಇರಲಿ ಎಂದರು.

ಅಂಗಡಿಯವನು ಮಖಮಲ್ ಬಟ್ಟೆಯ ಮೇಲೆ ಒಂದೊಂದಾಗಿ ಇಟ್ಟ. ನಳಿಗೆಯ ತುದಿಗೆ ಕೂಡುವ ಸಣ್ಣ ಮೊಳೆಯಂಥದು, ಹಸಿರು ಎಳೆ ಹೊಳೆಯುವಂಥದು, ಬಿಳಿ ಮಣಿಯದು. ಕಣ್ಣಿನ ಕಡೆಗೆ ಕೂಡಿಸುವುದರಲ್ಲಿ ಕಚ್ಚು ಇದ್ದದ್ದು ಬೇರೆ, ದುಂಡು ತೂತಿನದು ಬೇರೆ. ಸಣ್ಣ ಮೊಳೆಯದೇ ಒಳ್ಳೆಯದು, ದೂರದ ಗುರಿ ಮುಚ್ಚುವುದಿಲ್ಲ ಎಂದು ಅವನ ಸಲಹೆ. ದಪ್ಪ ಮಣಿ ಇಟ್ಟರೆ ಅದರ ಹಿಂದೆ ಇಡೀ ಹಂದಿ ಮರೆಯಾದೀತು.

ಮಾವ ಯಾವುದನ್ನೂ ಬೆಳಕಿಗೆ ಹಿಡಿದು ನೋಡಲಿಲ್ಲ. ಹೆಬ್ಬೆರಳಿನಿಂದ ಒಂದೊಂದನ್ನೂ ಸವರಿದರು, ಕಾಶವ್ವ ಬೇಳೆಯಲ್ಲಿ ಕಲ್ಲು ಹುಡುಕಿದ ಹಾಗೆ. ಬಿಳಿ ಮಣಿಯ ಮೇಲೆ ಬೆರಳು ನಿಂತಿತು.

"ಇದು ಇರಲಿ."

ಕೂಡಿಸಿ ಕೊಟ್ಟ ಮೇಲೆ, ಎದುರು ಗೋಡೆಯ ಕ್ಯಾಲೆಂಡರಿನ ಮೇಲೆ ಗುರಿ ಹಿಡಿದು ಯಾವ ತಾರೀಖು ಸಿಕ್ಕಿತು ಹೇಳಿರಿ ಎಂದ ಅಂಗಡಿಯವನು. ಮಾವ ರೈಫಲ್ಲು ಹೆಗಲಿಗೇರಿಸಿದರು. ಸಮೃದ್ಧಿ ಅವರ ಮೊಣಕೈಗೆ ಅಂಟಿಕೊಂಡು ನಿಂತು, ನಳಿಗೆ ಹೋದ ದಿಕ್ಕನ್ನು ನೋಡಿ, ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಅವರು ಅದನ್ನೇ ಗಟ್ಟಿಯಾಗಿ ಹೇಳಿದರು. ಅಂಗಡಿಯವನು ಶಹಭಾಸ್ ಎಂದ. ಅಜ್ಜ ಮೊಮ್ಮಗಳ ಆಟವೆಂದು ಕಾಂತಾಳೂ ನಕ್ಕಿದ್ದಳು.

ಶಾಲೆಗೆ ಸೂಟಿ ಬಿದ್ದ ಮೇಲೆ ಮಾವ ಹುಡುಗಿಯನ್ನು ಬಿಟ್ಟು ಗದ್ದೆಗೆ ಹೋಗಲೇ ಇಲ್ಲ. ಕಣ್ಣಿನ ಡಾಕ್ಟರರ ಮಾತು ಬಂದರೆ ಮಾತ್ರ ಸಿಡುಕುತ್ತಿದ್ದರು. ಕಣ್ಣು ಹೋಯಿತು ಎಂದು ಬರೆದುಕೊಟ್ಟರೆ ಲೈಸನ್ಸು ಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

*

ಬಿಸಿಲೇರಿದಾಗ ಹೆಣ ಒಯ್ಯುವ ಟೆಂಪೋ ಬಂತು. ಸಮಾಧಿ ಖಾನಾಪುರದ ಗದ್ದೆಯಲ್ಲೇ ಎಂದು ನಿಶ್ಚಯವಾಗಿತ್ತು. ಕುಣಿ ತೋಡಿಸಬೇಕಲ್ಲ ಎಂದು ಯಾರೋ ಅಂದಾಗ ಓಂಕಾರ ಅದಕ್ಕೆ ಚಿಂತೆಯಿಲ್ಲ ಎಂದ. ಗದ್ದೆಯ ಗುಡಿಸಲಲ್ಲೇ ಇದ್ದು ಒಕ್ಕಲುತನ ನೋಡಿಕೊಳ್ಳುವ ಲಕ್ಷ್ಮಣನಿದ್ದಾನೆ. ಅವನ ಫೋನಿಗೆ ರೇಂಜು ಸಿಗುವುದಿಲ್ಲ, ಆದರೆ ಸುದ್ದಿ ತಿಳಿದ ಮೇಲೆ ಅವನಿಗೆ ಹೇಳಿಸಬೇಕಾಗಿಲ್ಲ. ಇಷ್ಟು ಹೊತ್ತಿಗೆ ತೋಡಿ ಮುಗಿಸಿರುತ್ತಾನೆ.

ಜಂಗಮರು ಬಂದರು, ಹೆಣದ ನೆತ್ತಿಯ ಮೇಲೆ ಪಾದ ಇಟ್ಟರು, ಗಂಟೆ ಬಾರಿಸಿದರು. ಮಾವನನ್ನು ಬಿದಿರಿನ ವಿಮಾನದಲ್ಲಿ ಕೂಡಿಸಿ ಎತ್ತುವ ಹೊತ್ತಿಗೆ ಓಣಿಯ ತುದಿಯಲ್ಲಿ ಆಟೋ ನಿಂತು, ಅದರಿಂದ ಲಕ್ಷ್ಮಣನ ಹೆಂಡತಿ ಫಕೀರವ್ವ ಇಳಿದಳು. ಓಡುತ್ತ ಬಂದು ತಮ್ಮಣ್ಣನವರ ಕಾಲಿಗೆ ಬಿದ್ದು ಮನಸಾರೆ ಅತ್ತಳು. ಅತ್ತು ಹಗುರಾದ ಮೇಲೆ ಕಂಕುಳಲ್ಲಿದ್ದ ಕೈಚೀಲ ತೆಗೆದು ಕಾಂತಾಳ ಹತ್ತಿರ ಬಂದಳು.

"ಅಕ್ಕಾರ, ನಮ್ಮವರನ್ನ ಸ್ವಲ್ಪ ಕರೀರಿ. ಅಂಗಿ ಧೋತರ ತಂದೀನಿ. ನಿನ್ನಿ ಗದ್ಯಾಗಿಂದ ಹಂಗ ಬಂದಿರಬೇಕು, ಎಲ್ಲಾ ಕೆಸರಾಗಿರ್ತಾವ."

"ಯಾರನ್ನ ಫಕೀರವ್ವಾ?"

"ನಮ್ಮ ಮನಿಯವರನ್ನ್ರಿ. ನಾ ನಿನ್ನಿ ನಸುಕಿನಾಗ ಸಂತಿಗಿ ಹೋಗಿದ್ನಿ. ಸಂಜೀಕ ಬಂದ್ರ ಗುಡಿಸಲಾ ಖಾಲಿ. ಧಣ್ಯಾರು ತೀರಿದ ಸುದ್ದಿ ಕೇಳಿದ್ನಿ. ನಿಮ್ಮ ಗಾಡ್ಯಾಗ ಇಲ್ಲೇ ಬಂದಾರ ಅಂತ ತಿಳಕೊಂಡು ಸುಮ್ಮನ ಮಲಗಿದ್ನಿ."

ಕಾಂತಾ ಓಂಕಾರನ ಮುಖ ನೋಡಿದಳು. ಅವನು ಹೆಗಲಿಗೇರಿಸಲಿದ್ದ ವಿಮಾನದ ಬಿದಿರು ಹಿಡಿದು ಅಲ್ಲೇ ನಿಂತುಬಿಟ್ಟಿದ್ದ.

"ಲಕ್ಷ್ಮಣ ನಮ್ಮ ಗಾಡ್ಯಾಗ ಬಂದಿಲ್ಲ," ಎಂದ. "ಕುಣಿ ತೋಡಾಕತ್ತಿಲ್ಲೇನು ಅಲ್ಲಿ?"

"ಇಲ್ಲಲ್ಲರೀ. ನಾ ಬರೂ ಮುಂದ ಗದ್ಯಾಗ ಯಾರೂ ಇರಲಿಲ್ಲ." ಫಕೀರವ್ವ ಇನ್ನೂ ಹೆದರಿರಲಿಲ್ಲ. "ನಿನ್ನಿ ನಸುಕಿನಾಗ ಆ ಕಡಿ ಬದುವಿನಾಗ ನೀರು ಕಟ್ಟಾಕ ಹೋಗ್ತೀನಿ ಅಂದಿದ್ರು. ಅಲ್ಲಿಂದ ಎಲ್ಲಿ ಹೋದಾರು?"

ಜಂಗಮರ ಗಂಟೆ ನಿಂತಿತ್ತು. ಬೂಟು ಹಾಕಿಕೊಳ್ಳುತ್ತಿದ್ದ ಸೋಮಲಿಂಗ, ಒಂದು ಬೂಟು ಕೈಯಲ್ಲಿ ಹಿಡಿದೇ ತಲೆಯೆತ್ತಿದ.

ಕಾಂತಾಳ ಸೆರಗನ್ನು ಯಾರೋ ಹಿಂದಿನಿಂದ ಜಗ್ಗಿದರು. ಅವಳು ತಿರುಗಿ ನೋಡದೆ ಕೈಯನ್ನು ಹಿಂದೆ ಚಾಚಿ, ಮಗಳ ಬಾಯಿ ಮುಚ್ಚಬೇಕೋ ತಲೆ ಸವರಬೇಕೋ ತಿಳಿಯದೆ, ಕೆನ್ನೆಯ ಮೇಲೆ ಇಟ್ಟಳು. ಕೆನ್ನೆ ತಣ್ಣಗಿತ್ತು. ಕೊನೆಗೆ ಬಗ್ಗಿ ಮಗಳ ಎದುರು ಮೊಣಕಾಲೂರಿ ಕೂತಳು.

"ಹೇಳು ಕಂದಾ. ಅವ್ವ ಬೈಯೂದಿಲ್ಲ."

ಸಮೃದ್ಧಿ ಫಕೀರವ್ವನ ಕೈಚೀಲದ ಕಡೆ ನೋಡಿದಳು, ಅಜ್ಜನ ಕಡೆ ನೋಡಿದಳು.

"ಅವ್ವಾ, ಮಂಜಿನಾಗ ಅಲ್ಲಾಡಾಕತ್ತಿತ್ತು. ಹಂದಿ ಅಂತ ನಾನ ಹೇಳಿದ್ನಿ," ಎಂದಳು. "ಹಂದಿ ಎರಡ ಕಾಲ ಮ್ಯಾಲ ಎದ್ದು ನಿಂದರತೈತೇನು?"